ಫ್ರೌ ಮಂಜುನಾಥ್

ಸೆಮಿಸ್ಟರ್ ರಜೆಗೆ ಹನುಮಂತನಗರಕ್ಕೆ ಬಂದಾಗಿನಿಂದ ಸಿಕ್ಕವರೆಲ್ಲ ಕೇಳೋದು ಒಂದೇ: "ಸೆಟ್ಲ್ ಆದ್ಯೇನಮ್ಮ?" ಮೇಲಿನ ಮನೆ ಆಂಟಿಯದು ಮಾತ್ರ ಪೂರ್ತಿ ವಿಚಾರಣೆ. ಅವರ ಮಗನಿಗೂ ನಾನಿರುವ ಜರ್ಮನಿಯ ಕೆಮ್ನಿಟ್ಸ್‌ನಲ್ಲೇ ಎಂಎಸ್ ಸೀಟು ಸಿಕ್ಕಿದೆ. ವೀಸಾ ಬಂತು, ಟಿಕೆಟ್ ಆಯ್ತು, ಇನ್ನು ಉಳಿದಿರೋದು ಸೂಟ್‌ಕೇಸ್ ತುಂಬೋದು. ಆಂಟಿ ಪೆನ್ನು, ಹಾಳೆ ಹಿಡಿದೇ ನಮ್ಮ ಹಾಲ್‌ನಲ್ಲಿ ಬಂದು ಕೂತರು.

ಮೊದಲ ಪ್ರಶ್ನೆ ತುಪ್ಪದ್ದು. ತಗೊಂಡು ಹೋಗೋ ಹಾಗಿಲ್ಲ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಹೋಗುವವರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ಬ್ಯಾಗಲ್ಲಿ ಒಯ್ಯುವಂತಿಲ್ಲ. ಹುಳಿಪುಡಿ, ಸಾರಿನ ಪುಡಿ, ಚಟ್ನಿಪುಡಿ ಎಷ್ಟು ಬೇಕಾದರೂ ಕಟ್ಟಿ. ಮಿಕ್ಸಿ ನಡೆಯುತ್ತೆ, ಅಲ್ಲೂ ನಮ್ಮ ಹಾಗೇ 230 ವೋಲ್ಟ್, 50 ಹರ್ಟ್ಸ್. ಮೂರು ಪಿನ್ನಿನ ಪ್ಲಗ್ ಕೂರಲ್ಲ, ಅಡಾಪ್ಟರ್ ಬೇಕು. ಕುಕ್ಕರ್ ಆದರೆ ಇಂಡಕ್ಷನ್ ತಳದ್ದೇ ಇರಲಿ. ಇಷ್ಟಕ್ಕೇ ಆಂಟಿಯ ಹಾಳೆಯ ಒಂದು ಮಗ್ಗುಲು ತುಂಬಿತು. ಆದರೆ ನನ್ನನ್ನು ಕೇಳಿದರೆ, ಸೆಟ್ಲ್ ಆಗೋದಕ್ಕೂ ಸೂಟ್‌ಕೇಸಿಗೂ ಅಂಥ ನಂಟೇನೂ ಇಲ್ಲ. ಅದೆಲ್ಲ ನಿಂತಿರೋದು ವಿಳಾಸದ ಮೇಲೆ.

ಮನೆ ಸಿಕ್ಕಿತು ಅಂದುಕೊಳ್ಳಿ. ಮಾಲೀಕರು "ಇವರು ಇಂಥ ದಿನದಿಂದ ನನ್ನ ಮನೆಯಲ್ಲಿ ಇದ್ದಾರೆ" ಅಂತ ಸಹಿ ಹಾಕಿದ ಹಾಳೆ ಕೊಡಬೇಕು. ಅದನ್ನು ಹಿಡಿದುಕೊಂಡು ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು, ಅದೇ ಆನ್‌ಮೆಲ್ಡುಂಗ್. ಅದಾದ ಮೇಲೆ ಟ್ಯಾಕ್ಸ್ ನಂಬರ್ ಅಂಚೆಯಲ್ಲಿ ಬರುತ್ತೆ. ಪಾರ್ಟ್‌ಟೈಮ್ ಕೆಲಸಕ್ಕೆ ಆ ನಂಬರ್ ಬೇಕು, ರೆಸಿಡೆನ್ಸ್ ಪರ್ಮಿಟ್‌ಗೆ ನೋಂದಣಿ ಬೇಕು. ವೀಸಾಕ್ಕೋಸ್ಕರ ಬ್ಲಾಕ್ಡ್ ಅಕೌಂಟಿನಲ್ಲಿ ಕಟ್ಟಿರುತ್ತೀವಲ್ಲ, ವರ್ಷಕ್ಕೆ 11,904 ಯೂರೋ, ಅದು ಕೂಡ ಒಟ್ಟಿಗೆ ಕೈಗೆ ಬರಲ್ಲ. ತಿಂಗಳಿಗೆ 992ರಂತೆ ಬಿಡುತ್ತಾರೆ, ಅದಕ್ಕೂ ಬ್ಯಾಂಕ್ ಖಾತೆ ಬೇಕು, ಕೆಲವು ಬ್ಯಾಂಕಿನವರು ಮತ್ತೆ ಕೇಳೋದು ಅದೇ ನೋಂದಣಿ ಹಾಳೆ. ಒಂದೇ ಒಂದು ಸಮಾಧಾನ: ಅಲ್ಲಿ ಡೆಪಾಸಿಟ್ ಅಂದರೆ ಕಾನೂನಿನ ಪ್ರಕಾರ ಹೆಚ್ಚೆಂದರೆ ಮೂರು ತಿಂಗಳ ಬಾಡಿಗೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಮೇಲಿನ ಮನೆಗೆ ಬಂದಿರುವ ಅಂಕಲ್‌ಗೆ ಈ ಸುದ್ದಿ ತುಂಬ ಹಿಡಿಸಿತು.

ಇನ್ನು ಅಂಚೆಡಬ್ಬಿ. ಇದನ್ನು ನನಗೆ ಇಲ್ಲಿಂದ ಹೊರಡುವಾಗ ಯಾರೂ ಹೇಳಿರಲಿಲ್ಲ. ಜರ್ಮನಿಯ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರಲ್ಲ. ಬೀದಿಯ ಹೆಸರು, ಕಟ್ಟಡದ ನಂಬರ್, ಪಿನ್‌ಕೋಡ್, ಊರು, ಅಷ್ಟೇ. ಕೆಳಗೆ ಬಾಗಿಲ ಹತ್ತಿರ ಸಾಲಾಗಿ ಡಬ್ಬಿಗಳು, ಪ್ರತಿಯೊಂದರ ಮೇಲೂ ಮನೆತನದ ಹೆಸರು. ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಕಾಗದ ಬಂದ ದಾರಿಯಲ್ಲೇ ವಾಪಸ್ ಹೋಗುತ್ತೆ. ನಮ್ಮ ಕಡೆಯವರಿಗೆ ಮನೆತನದ ಹೆಸರೆಲ್ಲಿಂದ ಬರಬೇಕು? ನನ್ನ ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿರೋದು ಅಪ್ಪನ ಹೆಸರು. ರೂಮ್‌ಮೇಟ್ ಹೇಳಿದ ಮೇಲೆ ಬಿಳಿ ಲೇಬಲ್ ಮೇಲೆ "ಮಂಜುನಾಥ್" ಅಂತ ಬರೆದು ಡಬ್ಬಿಗೊಂದು, ಕಾಲಿಂಗ್ ಬೆಲ್‌ಗೊಂದು ಅಂಟಿಸಿದೆ.

ಅವತ್ತಿನಿಂದ ಆ ಊರಿಗೆ ನಾನು ಫ್ರೌ ಮಂಜುನಾಥ್, ಅಂದರೆ ಮಂಜುನಾಥ್ ಮೇಡಂ. ಟ್ಯಾಕ್ಸ್ ನಂಬರ್ ಬಂದದ್ದು ಅಪ್ಪನ ಹೆಸರಿಗೆ. ಟಿವಿ, ರೇಡಿಯೋ ಶುಲ್ಕದ ಕಾಗದವೂ ಅದೇ ಹೆಸರಿಗೆ: ಮನೆಗೆ ತಿಂಗಳಿಗೆ 18.36 ಯೂರೋ, ಟಿವಿ ಇರಲಿ ಬಿಡಲಿ. ವಿಡಿಯೋ ಕಾಲ್‌ನಲ್ಲಿ ಲಕೋಟೆ ತೋರಿಸಿದರೆ ಅಪ್ಪ, "ಕಾಲಿಡದ ದೇಶದಲ್ಲೂ ನನ್ನ ಹೆಸರಿಗೇ ಬಿಲ್ಲೇನೇ?" ಅಂದರು. ಖುಷಿಯಾಗಿತ್ತು ಅವರಿಗೆ, ಗೊತ್ತಾಗುತ್ತಿತ್ತು. ಆಮೇಲೆ ಬ್ಯಾಂಕಿನ ಗೆಳೆಯರಿಗೆಲ್ಲ ಆ ಡಬ್ಬಿಯ ಫೋಟೋ ಕಳಿಸಿದ್ದಾರೆ.

ಹೆಸರು ಅಂಟಿಸಿದ್ದರಿಂದಲೇ ಕೆಳಗಿನ ಮನೆಯ ಅಜ್ಜಿಯ ಪರಿಚಯವಾದದ್ದು. ನಾವು ಮನೆಯಲ್ಲಿ ಇಲ್ಲದಾಗ ಪಾರ್ಸೆಲ್ ಬಂದರೆ ಪಕ್ಕದವರ ಕೈಗೆ ಕೊಟ್ಟು, ಡಬ್ಬಿಯಲ್ಲಿ ಚೀಟಿ ಹಾಕಿ ಹೋಗುತ್ತಾರೆ. ನನ್ನ ಪಾರ್ಸೆಲ್‌ಗಳೆಲ್ಲ ಸೇರೋದು ಅವರ ಮನೆಗೇ. ಈ ಊರಿಗೆ ಕಾರ್ಲ್ ಮಾರ್ಕ್ಸ್ ಸ್ಟಾಟ್ ಅಂತ ಹೆಸರಿದ್ದ ಕಾಲದಲ್ಲಿ, ಅಂದರೆ 1953ರಿಂದ 1990ರ ನಡುವೆ, ಬಟ್ಟೆ ಗಿರಣಿಯಲ್ಲಿ ಕೆಲಸ ಮಾಡಿದವರು. ಪೇಟೆ ನಡುವೆ ಮಾರ್ಕ್ಸ್‌ನ ಏಳು ಮೀಟರ್ ಎತ್ತರದ ಕಂಚಿನ ತಲೆ ಈಗಲೂ ಇದೆ, ಬರೀ ತಲೆ, ಮೈಯಿಲ್ಲ. ಅಜ್ಜಿಗೆ ಇಂಗ್ಲಿಷ್ ಬರಲ್ಲ, ನನ್ನ ಜರ್ಮನ್ ಆಗ ಅಂಗಡಿಯಲ್ಲಿ ಬ್ರೆಡ್ ಕೇಳುವಷ್ಟು. ಆದರೂ ಕಸದ ಪಾಠ ಪೂರ್ತಿಯಾಗಿ ಆಯಿತು: ಮೊಸರಿನ ಡಬ್ಬಿ ಹಳದಿ ತೊಟ್ಟಿಗೆ, ಕಾಗದ ನೀಲಿಗೆ, ತರಕಾರಿ ಸಿಪ್ಪೆ ಕಂದು ಬಣ್ಣದ್ದಕ್ಕೆ. ಒಂದು ಸಲ ಬಾಗಿಲಲ್ಲಿ ನಿಂತು ಮೂಗೆಳೆದು, ಒಳಗೇ ಬಂದು, ಅಡುಗೆಮನೆ ಕಿಟಕಿ ಪೂರ್ತಿ ತೆರೆದುಬಿಟ್ಟರು. ಹೊರಗೆ ಹಿಮ. ದಿನಕ್ಕೆ ಎರಡು ಸಲ ಹೀಗೆ ಐದು ನಿಮಿಷ ಗಾಳಿಯಾಡಿಸದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತೆ ಅಂತ ಕೈಬಾಯಿ ತಿರುಗಿಸಿ ವಿವರಿಸಿದರು. ದಿನಾ ಅನ್ನ, ಸಾರು ಕುದಿಯುವ ಅಡುಗೆಮನೆಗೆ ಈ ಮಾತು ಎರಡರಷ್ಟು ನಿಜ.

ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಶನಿವಾರವೇ ಹಾಲು, ತರಕಾರಿ ತಂದಿಟ್ಟುಕೊಂಡರೆ ಆಯಿತು. ಡಿಸೆಂಬರ್ ಕಷ್ಟ. ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಅಮ್ಮ ಧಾರಾವಾಹಿ ಮುಗಿಸಿ ಒಂಬತ್ತೂವರೆಗೆ ಫೋನ್ ಮಾಡಿದರೆ ನನಗಿನ್ನೂ ಸಂಜೆ ಐದು, ಕಿಟಕಿ ಆಚೆ ಕಗ್ಗತ್ತಲು. "ಊಟ ಆಯ್ತಾ?" ಅಂತಾಳೆ, ನಾನಿನ್ನೂ ಕಾಫಿ ಕುಡಿಯುತ್ತಿರುತ್ತೀನಿ. ಮಾರ್ಚ್ ಕೊನೆಗೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿ, ನಾಲ್ಕೂವರೆ ಗಂಟೆಯ ಅಂತರ ಮೂರೂವರೆಗೆ ಇಳಿದಾಗ ಅಮ್ಮನಿಗೆ ನಿಜಕ್ಕೂ ಕೋಪ ಬಂದಿತ್ತು. ಯಾರನ್ನು ಕೇಳಿ ತಿರುಗಿಸಿದರಂತೆ?

ಅಂಚೆಡಬ್ಬಿ ಕತೆ ಕೇಳಿದ ಆಂಟಿ ಮಧ್ಯದಲ್ಲೇ ಎದ್ದು ಮೇಲೆ ಹೋಗಿ ಮಗನ ಪಾಸ್‌ಪೋರ್ಟ್ ಜೆರಾಕ್ಸ್ ತಂದರು. ಸರ್‌ನೇಮ್ ಜಾಗದಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎರಡನ್ನೂ ಬಿಡಿಸಿ ಬರೆಸಿದ್ದಾರೆ: ಚನ್ನರಾಯಪಟ್ಟಣ ನಂಜುಂಡಯ್ಯ. ಡಬ್ಬಿಯ ಮೇಲಿನ ಜಾಗ ಎರಡು ಬೆರಳಗಲ. ಅದರಲ್ಲೇ ರೂಮ್‌ಮೇಟ್‌ಗಳ ಹೆಸರೂ ಇರಬೇಕು.

"ಸಿ. ಎನ್. ಅಂತ ಇನಿಷಿಯಲ್ ಹಾಕಿದ್ರೆ ಸಾಲ್ದೇನೇ?"

"ಸಾಲಲ್ಲ ಆಂಟಿ, ಕಾಗದದ ಮೇಲೆ ಇರೋ ಹೆಸರೇ ಇರಬೇಕು."

ಹಾಳೆ ತಿರುಗಿಸಿ ಬರೆದುಕೊಂಡರು: ತೀರಾ ಸಣ್ಣ ಮೊನೆಯ ಮಾರ್ಕರ್, ಎರಡು.