ಉತ್ತರದ ಬಾಲ್ಕನಿಗೆ ಬಿಸಿಲು ಬಂದ ಮೇ ತಿಂಗಳು

ಬೆಂಗಳೂರಿನ ಮನೆಗಳ ಬಾಲ್ಕನಿ, ತಾರಸಿಗಳಲ್ಲಿ ಕೈತೋಟ ಮಾಡಿಕೊಡುವುದು ನನ್ನ ಕೆಲಸ. ಅದಕ್ಕೂ ಮುಂಚೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿ ಸಾಲಿನಲ್ಲಿ ನಾಲ್ಕು ವರ್ಷ ಕವರಿಗೆ ಮಣ್ಣು ತುಂಬಿ, ಗಿಡಕ್ಕೆ ನೀರು ಹಾಕಿ, ಬಂದವರಿಗೆ ಗಿಡ ತೋರಿಸುತ್ತಿದ್ದೆ. ಅಲ್ಲಿ ಎಲ್ಲರೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಬಾಲ್ಕನಿ ಯಾವ ದಿಕ್ಕಿಗಿದೆ?" ಪೂರ್ವ, ದಕ್ಷಿಣ ಅಂದರೆ ಹೂವಿನ ಗಿಡ, ಉತ್ತರ ಅಂದರೆ ಎಲೆಗಿಡ. ಸ್ವಂತ ಕೆಲಸ ಶುರು ಮಾಡಿದ ಮೇಲೂ ನಾನು ಅದೇ ಲೆಕ್ಕ ಹಿಡಿದುಕೊಂಡಿದ್ದೆ.

ಬನಶಂಕರಿಯಲ್ಲಿ ಒಂದು ಮನೆ. ಮೂರನೇ ಮಹಡಿ, ಅದರ ಮೇಲೆ ತಾರಸಿ. ನಿವೃತ್ತ ಮೇಡಂ ಒಬ್ಬರು ಸಂಕ್ರಾಂತಿ ಮುಗಿದ ವಾರ ಕರೆಸಿದ್ದರು. ಅವರಿಗೆ ಬೇಕಿದ್ದದ್ದು ತುಳಸಿ, ದೊಡ್ಡಪತ್ರೆ, ಒಂದು ಮಲ್ಲಿಗೆ ಬಳ್ಳಿ, ದಾಸವಾಳ. ನಾನು ಫೋನಿನ ದಿಕ್ಸೂಚಿ ನೋಡಿದೆ, ಪಕ್ಕಾ ಉತ್ತರ. ಮಧ್ಯಾಹ್ನ ಹನ್ನೆರಡಕ್ಕೂ ಕಂಬಿಯ ಮೇಲೆ ನೆರಳೇ ಇತ್ತು. "ಅಮ್ಮಾ, ಇಲ್ಲಿ ಹೂವು ಆಗಲ್ಲ, ಎಲೆಗಿಡ ಚೆನ್ನಾಗಿ ಬರುತ್ತೆ" ಅಂದೆ. ಗೋಡೆ ಬದಿಗೆ ಒಂದು ಸಾಲು, ಕಂಬಿಯ ಹೊರಗೆ ತೂಗುಹಾಕಿದ ಉದ್ದ ಕುಂಡಗಳಲ್ಲಿ ಒಂದು ಸಾಲು. ಕ್ಯಾಲಥಿಯಾ, ಪೀಸ್ ಲಿಲಿ, ಬೋಸ್ಟನ್ ಫರ್ನ್, ಮನಿ ಪ್ಲಾಂಟ್. ಅವರಿಗೆ ಮನಸ್ಸಿರಲಿಲ್ಲ, ಆದರೂ ಒಪ್ಪಿದರು. ಫೆಬ್ರವರಿ, ಮಾರ್ಚ್ ಎರಡೂ ತಿಂಗಳು ಗಿಡಗಳು ನಳನಳಿಸುತ್ತಿದ್ದವು.

ಮೇ ಎರಡನೇ ವಾರ ಫೋನ್ ಬಂತು. ಎಲೆಯೆಲ್ಲ ಸುಟ್ಟ ಹಾಗಾಗಿದೆ ಎಂದರು. ನಾನು ಹೋಗಿ ನೋಡದೆಯೇ "ನೀರು ಜಾಸ್ತಿ ಆಗಿರಬೇಕು, ಎರಡು ದಿನಕ್ಕೊಮ್ಮೆ ಹಾಕಿ" ಅಂದುಬಿಟ್ಟೆ. ನಮ್ಮ ಕೆಲಸದಲ್ಲಿ ಈ ಮಾತು ನಾಲಿಗೆ ತುದಿಯಲ್ಲೇ ಇರುತ್ತದೆ, ಏಕೆಂದರೆ ಹತ್ತರಲ್ಲಿ ಆರೇಳು ಸಲ ಅದು ನಿಜ. ತೆಂಗಿನ ನಾರಿನ ಪುಡಿ ಹೆಚ್ಚಿರುವ ಕುಂಡದಲ್ಲಿ ಮೇಲ್ಪದರ ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದರೂ ಎರಡಿಂಚು ಕೆಳಗೆ ಹಿಂಡಿದರೆ ನೀರು ಸುರಿಯುತ್ತದೆ. ಜನ ಮೇಲೆ ನೋಡಿ ಮತ್ತೆ ನೀರು ಹಾಕುತ್ತಾರೆ. ಆದರೆ ಆ ಮೇಡಂ ಗಿಡಕ್ಕೆ ಒಂದು ಲೋಟ ಅಂತ ಅಳೆದು, ಬೆರಳಿಟ್ಟು ಮಣ್ಣು ಮುಟ್ಟಿ ನೋಡಿ ನೀರು ಹಾಕುವವರು. "ಎರಡೂ ಸಾಲಿಗೆ ನೀರು ಒಂದೇ ಅಳತೆ. ಗೋಡೆ ಸಾಲು ಚೆನ್ನಾಗಿದೆ, ಕಂಬಿ ಸಾಲು ಮಾತ್ರ ಸುಟ್ಟಿದೆ. ಬಂದು ನೋಡಿ" ಎಂದರು.

ಹೋದೆ. ನೀರು ಹೆಚ್ಚಾದ ಗಿಡ ಕೆಳಗಿನ ಎಲೆಯಿಂದ ಹಳದಿಯಾಗುತ್ತಾ ಬರುತ್ತದೆ. ಎಲೆ ಮೆತ್ತಗಾಗುತ್ತದೆ, ಮಣ್ಣು ಕೊಳೆತ ವಾಸನೆ ಬರುತ್ತದೆ. ಗಡಸು ಬೋರ್‌ವೆಲ್ ನೀರಾದರೆ ಕ್ಯಾಲಥಿಯಾದ ಅಂಚು ಮಾತ್ರ ದಾರದಂತೆ ಕಂದಾಗುತ್ತದೆ. ಇಲ್ಲಿ ಎರಡೂ ಅಲ್ಲ. ಮೇಲಿನ ಎಲೆಗಳಲ್ಲೇ, ಆಕಾಶಕ್ಕೆ ಮುಖ ಮಾಡಿದ ಭಾಗದಲ್ಲೇ ಬಿಳಿಚಿದ ಒಣ ಮಚ್ಚೆಗಳು, ಮುಟ್ಟಿದರೆ ಕಾಗದದ ಹಾಗೆ. ಒಂದು ಎಲೆ ಇನ್ನೊಂದರ ಮೇಲೆ ನೆರಳು ಚೆಲ್ಲಿದ್ದ ಕಡೆ ಹಸಿರು ಹಾಗೇ ಉಳಿದಿತ್ತು. ಬಿಸಿಲಿನ ಸುಡುವಿಕೆಯನ್ನು ಇದಕ್ಕಿಂತ ಸ್ಪಷ್ಟವಾಗಿ ನಾನು ಎಂದೂ ನೋಡಿರಲಿಲ್ಲ. ಆಗ ಸಂಜೆ ನಾಲ್ಕೂವರೆ. ನನ್ನ ಕಣ್ಣೆದುರೇ ಕಂಬಿಯ ಕುಂಡಗಳ ಮೇಲೆ ಪಶ್ಚಿಮದಿಂದ ಓರೆಯಾಗಿ ಬಿಸಿಲು ಬಿದ್ದಿತ್ತು.

"ನೀವು ಬಂದಾಗ ಸಂಕ್ರಾಂತಿ. ಈಗ ಉತ್ತರಾಯಣ ಅಲ್ಲವೇ? ಸೂರ್ಯ ಈ ಕಡೆಗೆ ಬಂದಿದ್ದಾನೆ" ಎಂದರು ಮೇಡಂ, ಏನೂ ದೊಡ್ಡ ವಿಷಯವಲ್ಲ ಎಂಬಂತೆ. ಪ್ರತಿ ವರ್ಷ ಎಳ್ಳುಬೆಲ್ಲದ ಜೊತೆ ಕೇಳುವ ಮಾತು. ಸೂರ್ಯ ಉತ್ತರಕ್ಕೆ ನಡೆಯುವುದಕ್ಕೂ ನಾನು ತೂಗುಹಾಕುವ ಕುಂಡಕ್ಕೂ ಸಂಬಂಧವಿದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ.

ಆ ರಾತ್ರಿ ಕುಳಿತು ಲೆಕ್ಕ ಅರ್ಥ ಮಾಡಿಕೊಂಡೆ. ಬೆಂಗಳೂರು ಇರುವುದು ಉತ್ತರ ಅಕ್ಷಾಂಶ ಸುಮಾರು 13 ಡಿಗ್ರಿಯಲ್ಲಿ. ಮಾರ್ಚ್ 21ರ ಹೊತ್ತಿಗೆ ಸೂರ್ಯ ನೇರ ಪೂರ್ವದಲ್ಲಿ ಹುಟ್ಟಿ ನೇರ ಪಶ್ಚಿಮದಲ್ಲಿ ಮುಳುಗುತ್ತಾನೆ. ಆಮೇಲೆ ಹುಟ್ಟುವುದೂ ಮುಳುಗುವುದೂ ದಿನದಿನಕ್ಕೆ ಉತ್ತರಕ್ಕೆ ಸರಿಯುತ್ತದೆ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ ನೆತ್ತಿಯ ಮೇಲೇ ಬರುತ್ತಾನೆ, ಶಾಲೆಯ ಮಕ್ಕಳು ಬಾಟಲಿ ನಿಲ್ಲಿಸಿ ನೋಡುವ ಶೂನ್ಯ ನೆರಳಿನ ದಿನ ಅದೇ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ನಡುಹಗಲ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ಅಂದರೆ ಜನವರಿಯಲ್ಲಿ ಕಟ್ಟಡದ ನೆರಳಿನಲ್ಲೇ ಮುಳುಗಿದ್ದ ಆ ಕಂಬಿ, ಮೇ ತಿಂಗಳಿಗೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರೂ ಹೊತ್ತು ಬಿಸಿಲಿಗೆ ತೆರೆದುಕೊಂಡಿತ್ತು. ಗೋಡೆ ಸಾಲನ್ನು ಮೇಲಿನ ಸಜ್ಜ ಕಾಪಾಡಿತು. ಕಲಬುರಗಿಯಲ್ಲಿ ಶೂನ್ಯ ನೆರಳಿನ ದಿನ ಮೇ 10ರ ಆಸುಪಾಸು ಬರುತ್ತದೆ. ದೆಹಲಿಯಲ್ಲಿರುವ ನಮ್ಮವರಿಗೆ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ; ಅಲ್ಲಿಯವರು ಬರೆದ ಸಲಹೆಯನ್ನು ಇಲ್ಲಿಗೆ ಹಾಗೇ ತಂದುಕೊಂಡರೆ ಪೆಟ್ಟು ಬೀಳುತ್ತದೆ.

ಸುಟ್ಟ ಗಿಡಗಳ ಬದಲಿಗೆ ಹೊಸ ಗಿಡ ನನ್ನ ಖರ್ಚಿನಲ್ಲೇ ಕೊಟ್ಟೆ. ಉಳಿದ ಫರ್ನ್, ಕ್ಯಾಲಥಿಯಾಗಳನ್ನು ಊಟದ ಮೇಜಿನ ಕಿಟಕಿ ಪಕ್ಕಕ್ಕೆ ಒಯ್ದೆವು. ಕಂಬಿಗೆ ಬಂದದ್ದು ಅವರು ಮೊದಲೇ ಕೇಳಿದ್ದ ತುಳಸಿ, ದೊಡ್ಡಪತ್ರೆ, ಜೊತೆಗೆ ಚೆಂಡುಹೂವಿನ ಸಸಿ. ಜುಲೈನಲ್ಲಿ ಮೋಡ ಕವಿದಿದ್ದರೂ ಚೆಂಡುಹೂವು ಬಿಟ್ಟಿತು. ತುಳಸಿಯ ತೆನೆಯನ್ನು ಅವರು ಬೀಜಕ್ಕೆ ಬಿಡದೆ ಆಗಾಗ ಚಿವುಟುತ್ತಿದ್ದರಿಂದ ಗಿಡ ಪೊದೆಯಾಯಿತು. ಗೋಡೆ ಸಾಲಿನಲ್ಲಿ ಇಟ್ಟ ಒಂದೆಲಗಕ್ಕೆ ಅಲ್ಲಿನ ತಂಪು, ತೇವ ಎರಡೂ ಹಿಡಿಸಿತು. ವಾರಕ್ಕೊಮ್ಮೆ ತಂಬುಳಿಗೆ ಸಾಕಾಗುವಷ್ಟು ಎಲೆ ಬರುತ್ತಿತ್ತು.

ದಕ್ಷಿಣದ ಬಾಲ್ಕನಿಯ ಕಥೆ ಇದಕ್ಕೆ ತಿರುವುಮುರುವು. "ಚಳಿಗಾಲದಲ್ಲಿ ಇಷ್ಟು ಬಿಸಿಲಿತ್ತು, ಜೂನ್‌ನಲ್ಲಿ ಮಲ್ಲಿಗೆ ಯಾಕೆ ಮೊಗ್ಗು ಬಿಡ್ತಿಲ್ಲ, ಗೊಬ್ಬರ ಸಾಲದೇ?" ಎಂದು ಎಷ್ಟೋ ಜನ ಕೇಳಿದ್ದಾರೆ. ಗೊಬ್ಬರ ಸುರಿದು ಸುರಿದು ಬೇರನ್ನೇ ಸುಟ್ಟವರಿದ್ದಾರೆ. ಅಲ್ಲಿ ಕಡಿಮೆಯಾಗಿರುವುದು ಬಿಸಿಲು. ಅದಕ್ಕೇ ದಕ್ಷಿಣದ ಮನೆಗಳಲ್ಲಿ ಮಲ್ಲಿಗೆಯನ್ನು ನವೆಂಬರ್ ಕೊನೆಯ ವಾರ ತಪ್ಪದೆ ಕತ್ತರಿಸಿ ಎನ್ನುತ್ತೇನೆ. ಮೊಗ್ಗು ಕಟ್ಟುವುದು ಹೊಸ ಚಿಗುರಿನ ತುದಿಯಲ್ಲಿ. ಆ ಚಿಗುರು ಬೆಳೆಯುವ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸೂರ್ಯ ತಗ್ಗಿ, ದಕ್ಷಿಣದ ಬಾಲ್ಕನಿಯ ಒಳಗಿನವರೆಗೂ ಬರುತ್ತಾನೆ. ಮೇ ನಂತರ ಆ ಕುಂಡ ತಾರಸಿಗೆ ಹೋದರೆ ಒಳ್ಳೆಯದು. ಬಣ್ಣ ಕಳೆದುಕೊಂಡು ಬರೀ ಹಸಿರಾಗುವ ಕ್ರೋಟನ್ನಿನ ದೂರೂ ಇದೇ ಜಾತಿಯದು. ಒಳ್ಳೆಯ ಬೆಳಕಿಗೆ ಸರಿಸಿದರೆ ಹೊಸ ಎಲೆಯಲ್ಲಿ ಕೆಂಪು, ಹಳದಿ ಮರಳುತ್ತದೆ.

ಈಗ ನಾನು ದಿಕ್ಕಿನ ಜೊತೆಗೆ ತಿಂಗಳನ್ನೂ ಬರೆದುಕೊಳ್ಳುತ್ತೇನೆ. ಎದುರು ಕಟ್ಟಡ ಎಷ್ಟು ಎತ್ತರ, ಸಜ್ಜ ಎಷ್ಟು ಹೊರಚಾಚಿದೆ, ಇದೂ ಪುಸ್ತಕದಲ್ಲಿ ಇರುತ್ತದೆ. ದೊಡ್ಡ ಕುಂಡಗಳಿಗೆ ಚಕ್ರದ ಮಣೆ ಹಾಕಿಸುತ್ತೇನೆ. ಮೊದಲ ಭೇಟಿಯಲ್ಲೇ ಎಲ್ಲ ಗಿಡ ಮಾರುವುದಿಲ್ಲ, ಇದರಿಂದ ಕೈಗೆ ಬರುವ ದುಡ್ಡು ಕಡಿಮೆ ನಿಜ. ಮನೆಯವರಿಗೆ ಒಂದು ಸೀಮೆಸುಣ್ಣ ಕೊಟ್ಟು, ತಿಂಗಳಿಗೊಂದು ದಿನ ಬಿಸಿಲು ನಿಂತ ಗೆರೆಯನ್ನು ನೆಲದ ಮೇಲೆ ಎಳೆದು ಹೊತ್ತು ಬರೆಯಲು ಹೇಳುತ್ತೇನೆ.

ಬನಶಂಕರಿಯ ಮೇಡಂಗೆ ನಾನು ಇದನ್ನು ಹೇಳಬೇಕಾಗಲಿಲ್ಲ. ಈಗಲೂ ಏಪ್ರಿಲ್ ಮೂರನೇ ವಾರ ಅವರದೇ ಫೋನ್ ಬರುತ್ತದೆ: "ಫರ್ನ್ ಒಳಗಿಟ್ಟಾಯ್ತು, ತುಳಸಿ ಹೊರಗೆ ಬಂತು. ಈ ಸಲ ಕಂಬಿಗೆ ಒಂದು ದಾಸವಾಳ ತರ್ತೀರಾ?"