ಇವತ್ತು ಹಾರಲ್ಲ ಅಂದ್ರೆ ಹಾರಲ್ಲ

ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮ ಕಾರವಾರ, ಅಂಕೋಲಾ, ಕುಮಟಾ ಕಡೆಯ ಹುಡುಗರು ಮುಂಬೈ ಸಮುದ್ರದ ತೈಲ ಪ್ಲಾಟ್‌ಫಾರ್ಮ್‌ಗಳಿಗೆ ಕೆಲಸಕ್ಕೆ ಹೊರಡುವಾಗ ನನ್ನ ಹತ್ತಿರ ಬರುತ್ತಾರೆ. ಮೊದಲು ಸಂಬಳ ಕೇಳುತ್ತಾರೆ. ಆಮೇಲೆ, "ಹೆಲಿಕಾಪ್ಟರ್‌ನಲ್ಲಿ ಹೆದರಿಕೆ ಆಗಲ್ವಾ?" ಅಂತ. ನಾನು ಅಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಕೆಲಸಕ್ಕೆ ಹೋಗುವುದೂ ಬರುವುದೂ ಹೆಲಿಕಾಪ್ಟರ್‌ನಲ್ಲೇ. ಹೆದರಿಕೆಯ ಬಗ್ಗೆ ಕೇಳುವವರಿಗೆ ನಾನು ಹೇಳುವುದು ಬೇರೆಯೇ ಒಂದು ವಿಷಯ. ಹಾರಲು ಧೈರ್ಯ ಅಷ್ಟೇನೂ ಬೇಕಾಗಿಲ್ಲ. ಪೈಲಟ್ "ಇವತ್ತು ಆಗಲ್ಲ" ಅಂದಾಗ ಸುಮ್ಮನೆ ಬ್ಯಾಗು ಕೆಳಗಿಟ್ಟು ಕೂರುವುದನ್ನು ಕಲಿಯಬೇಕು. ನನಗೆ ಈ ಕೆಲಸ ಕಲಿಸಿದ್ದರಲ್ಲಿ ಅತಿ ದೊಡ್ಡದು ಅದೇ.

ಮುಂಬೈ ಹೈ ತೈಲಕ್ಷೇತ್ರ ಸಿಕ್ಕಿದ್ದು 1974ರಲ್ಲಿ. ಮುಂಬೈ ದಡದಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್. ನಾವು ಹಾರುವುದು ಜುಹು ವಿಮಾನ ನಿಲ್ದಾಣದಿಂದ. 1932ರಲ್ಲಿ ಜೆಆರ್‌ಡಿ ಟಾಟಾ ಕರಾಚಿಯಿಂದ ಅಂಚೆ ಹೊತ್ತು ಬಂದು ಇಳಿದ ಜಾಗ ಅದು. ಈಗ ಅಲ್ಲಿ ಬೆಳಗಿನಿಂದ ಹೆಲಿಕಾಪ್ಟರ್ ಸದ್ದು. ಎರಡು ವಾರ ಸಮುದ್ರದ ಮೇಲೆ, ಎರಡು ವಾರ ಊರಲ್ಲಿ, ಇದು ನಮ್ಮಂಥವರ ಲೆಕ್ಕ. ಊರಿಗೆ ಬರಲು ಕೊಂಕಣ ರೈಲ್ವೆ ಇದೆ. ರಾತ್ರಿ ಮುಂಬೈಯಲ್ಲಿ ರೈಲು ಹತ್ತಿದರೆ ಮರುದಿನ ಕಾರವಾರ.

ಜುಹುವಿನಲ್ಲಿ ಮೊದಲು ತೂಕ. ಬ್ಯಾಗಿನದ್ದೂ ಹೌದು, ನಮ್ಮದೂ ಹೌದು. ಊರಿನಿಂದ ತಂದ ಉಪ್ಪಿನಕಾಯಿ ಭರಣಿ, ಒಣ ಮೀನಿನ ಕಟ್ಟು ಎಲ್ಲ ಅದರಲ್ಲೇ ಸೇರಬೇಕು. ಹೆಲಿಕಾಪ್ಟರ್‌ಗೆ ತೂಕ ಅಂದರೆ ಬರೀ ನಿಯಮವಲ್ಲ. ಬಿಸಿ ಗಾಳಿ ತೆಳುವಾಗಿರುತ್ತದೆ, ಮೇಲೆ ತಿರುಗುವ ರೆಕ್ಕೆಗೆ, ಅಂದರೆ ರೋಟರ್‌ಗೆ, ಹಿಡಿತ ಕಡಿಮೆ. ಅದಕ್ಕೇ ಬೇಸಿಗೆಯ ಮಧ್ಯಾಹ್ನ ಅದೇ ಯಂತ್ರ ಬೆಳಗ್ಗೆ ಎತ್ತಿದಷ್ಟು ಭಾರ ಎತ್ತಲಾರದು. ಎದುರುಗಾಳಿ ಇದ್ದರೆ ಏಳುವುದು ಸುಲಭ. ದಾರಿಗೆ ಎಷ್ಟು ಇಂಧನ ಬೇಕು, ಇಳಿಯಲು ಆಗದೆ ವಾಪಸ್ ಬರಬೇಕಾದರೆ ಎಷ್ಟು ಬೇಕು, ಅದೆಲ್ಲ ಸೇರಿಸಿ ಪೈಲಟ್ ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ನಮ್ಮ ಭರಣಿಯೂ ಒಂದು ಅಂಕಿ. ಜಾಸ್ತಿಯಾದರೆ ಬ್ಯಾಗು ಉಳಿಯುತ್ತದೆ, ಕೆಲವೊಮ್ಮೆ ಮನುಷ್ಯನೇ ಉಳಿಯುತ್ತಾನೆ. ಅದಕ್ಕೆ ಕೋಪ ಮಾಡಿಕೊಳ್ಳುವವರನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಯಾರ ಜೀವಕ್ಕಾಗಿ ಆ ಲೆಕ್ಕ?

ಇಷ್ಟರ ಮಟ್ಟಕ್ಕೆ ಬರುವ ಮೊದಲೇ ಒಂದು ತರಬೇತಿ ಆಗಿರಬೇಕು. ಹ್ಯೂಯೆಟ್ ಅಂತ ಕರೆಯುತ್ತೇವೆ. ಮುಳುಗಿದ ಹೆಲಿಕಾಪ್ಟರ್‌ನಿಂದ ಹೊರಗೆ ಬರುವ ತರಬೇತಿ. ಈಜುಕೊಳದ ಮೇಲೆ ಕ್ರೇನ್‌ಗೆ ಒಂದು ನಕಲಿ ಕ್ಯಾಬಿನ್ ತೂಗುಹಾಕಿರುತ್ತಾರೆ. ನಮ್ಮನ್ನು ಅದರಲ್ಲಿ ಕೂರಿಸಿ, ಬೆಲ್ಟ್ ಬಿಗಿದು, ನೀರಿಗೆ ಇಳಿಸಿ, ಪೂರ್ತಿ ತಲೆಕೆಳಗು ಮಾಡುತ್ತಾರೆ. ಯಾಕೆಂದರೆ ನಿಜವಾದ ಹೆಲಿಕಾಪ್ಟರ್ ನೀರಿಗೆ ಬಿದ್ದಾಗ ಆಗುವುದೂ ಅದೇ. ಎಂಜಿನ್, ಗೇರ್‌ಬಾಕ್ಸ್, ರೋಟರ್, ಎಲ್ಲ ಭಾರವೂ ಮೇಲ್ಗಡೆ. ಅಲೆಯಿದ್ದರೆ ಮಗುಚಿಕೊಳ್ಳಲು ಹೊತ್ತು ಬೇಕಾಗಿಲ್ಲ.

ನಮ್ಮ ಕಡೆಯವರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ನಾವು ನೀರಿನ ಜನ. ಕಾಳಿ ನದಿಯಲ್ಲೋ ಗಂಗಾವಳಿಯಲ್ಲೋ ಈಜು ಕಲಿತವರು. ಈಜು ಬರುವವನ ಕೈ ನೀರು ತಗುಲಿದ ಕೂಡಲೇ ಬೆಲ್ಟ್ ಬಿಚ್ಚಲು ಹೋಗುತ್ತದೆ. ಅದನ್ನೇ ಮಾಡಬಾರದು. ತಲೆಕೆಳಗಾದ ಕ್ಯಾಬಿನ್‌ನಲ್ಲಿ ಬೆಲ್ಟ್ ಬಿಚ್ಚಿದವನು ತೇಲಿಹೋಗಿ ಯಾವುದು ಮೇಲೆ, ಯಾವುದು ಕೆಳಗೆ ಅಂತ ತಿಳಿಯದೆ ಒದ್ದಾಡುತ್ತಾನೆ. ಕಿಟಕಿ ಎಲ್ಲಿದೆ ಅನ್ನುವುದೇ ಕೈತಪ್ಪುತ್ತದೆ. ಬೆಲ್ಟ್ ಇದ್ದಷ್ಟು ಹೊತ್ತು ಸೀಟು ನಮ್ಮ ಜಾಗ, ಸೀಟಿನ ಪಕ್ಕದ ಕಿಟಕಿ ನಮ್ಮ ಬಾಗಿಲು. ಒಂದು ಕೈ ಕಿಟಕಿಯ ಚೌಕಟ್ಟಿನ ಮೇಲೆ, ಇನ್ನೊಂದು ಬೆಲ್ಟಿನ ಬಕಲ್ ಮೇಲೆ. ಕ್ಯಾಬಿನ್ ತಿರುಗುವುದು ನಿಲ್ಲುವವರೆಗೆ ಕಾಯಬೇಕು. ಆಮೇಲೆ ಕಿಟಕಿ ತಳ್ಳಬೇಕು. ಬೆಲ್ಟ್ ಬಿಚ್ಚುವುದು ಕೊನೆಗೆ. ಲೈಫ್ ಜಾಕೆಟ್ ಉಬ್ಬಿಸುವುದು ಹೊರಗೆ ಬಂದ ಮೇಲೆ ಮಾತ್ರ. ಒಳಗೇ ಉಬ್ಬಿಸಿದರೆ ಅದು ನಮ್ಮನ್ನು ಮೇಲಕ್ಕೆ ಒತ್ತಿ ಹಿಡಿಯುತ್ತದೆ, ಕೆಳಗಿನ ಕಿಟಕಿಗೆ ಮುಳುಗಿ ಹೋಗಲು ಬಿಡುವುದಿಲ್ಲ. ಮೂಗಿನೊಳಗೆ ನೀರು ನುಗ್ಗುತ್ತಿರುವಾಗ ಕಾಯುವುದು ಎಷ್ಟು ಕಷ್ಟ ಅಂತ ಅಲ್ಲಿ ಕೂತವರಿಗೇ ಗೊತ್ತು. ಆದರೂ ಕಾಯಲು ಬರುತ್ತದೆ. ಮೈ ಅದನ್ನು ಕಲಿಯುತ್ತದೆ.

ಇದು ಬರೀ ಕೊಳದ ಆಟ ಅಂತ ಅಂದುಕೊಳ್ಳಬೇಡಿ. 2022ರ ಜೂನ್ 28ರಂದು ಮುಂಬೈ ಹೈಯಲ್ಲಿ ತೈಲಬಾವಿ ಕೊರೆಯುವ ಒಂದು ರಿಗ್ ಹತ್ತಿರ ಹೆಲಿಕಾಪ್ಟರ್ ಸಮುದ್ರಕ್ಕೆ ಬಿತ್ತು. ಒಳಗೆ 9 ಜನ ಇದ್ದರು. 4 ಜನ ತೀರಿಕೊಂಡರು, 5 ಜನ ಬದುಕಿ ಬಂದರು. ಆ ದಿನದಿಂದ ನಾನು ಪ್ರತಿ ಸಲ ಸೀಟಿನಲ್ಲಿ ಕೂತ ಮೇಲೆ ಕಣ್ಣು ಮುಚ್ಚಿ ಕೈಯಿಂದ ಕಿಟಕಿಯನ್ನು ಒಮ್ಮೆ ಮುಟ್ಟಿ ನೋಡುತ್ತೇನೆ. ಪಕ್ಕದವರಿಗೂ ಹಾಗೆ ಮಾಡಲು ಹೇಳುತ್ತೇನೆ.

ಪ್ಲಾಟ್‌ಫಾರ್ಮ್ ಮೇಲೆ ಹೆಲಿಕಾಪ್ಟರ್ ಇಳಿಯುವ ಕಟ್ಟೆಗೆ ಹೆಲಿಡೆಕ್ ಅನ್ನುತ್ತೇವೆ, ನಾನು ಅದರ ತಂಡದಲ್ಲೂ ಇದ್ದೇನೆ. ಹಾಗಾಗಿ ಹೆಲಿಕಾಪ್ಟರ್ ಬರುವುದನ್ನು ಹೊರಗಿನಿಂದಲೂ ನೋಡಿದ್ದೇನೆ. ಅದು ಇಳಿಯುವ ಮೊದಲು ಕ್ರೇನ್ ನಿಲ್ಲಬೇಕು. ಬೆಂಕಿ ಆರಿಸುವವರು ನೊರೆಯ ಕೊಳವೆ ಹಿಡಿದು ತಯಾರಿರಬೇಕು. ಡೆಕ್ ಮೇಲೆ ಒಂದು ಪ್ಲಾಸ್ಟಿಕ್ ಚೂರೂ ಇರಬಾರದು. ಗ್ಯಾಸ್ ಉರಿಯುವ ಫ್ಲೇರ್‌ನ ಬಿಸಿ ಗಾಳಿ ಯಾವ ಕಡೆ ಬಾಗಿದೆ ಅಂತ ನೋಡಿ ಪೈಲಟ್ ಬರುವ ದಿಕ್ಕು ಆರಿಸುತ್ತಾರೆ. ಇಳಿದ ಮೇಲೂ ರೋಟರ್ ತಿರುಗುತ್ತಲೇ ಇರುತ್ತದೆ. ಆ ಸದ್ದಿನಲ್ಲಿ ಮಾತಿಲ್ಲ, ಕೈಸನ್ನೆ ಮಾತ್ರ. ಡೆಕ್ ನೋಡಿಕೊಳ್ಳುವ ಲ್ಯಾಂಡಿಂಗ್ ಆಫೀಸರ್ ಹೆಬ್ಬೆರಳು ಎತ್ತುವವರೆಗೆ ಯಾರೂ ಒಂದು ಹೆಜ್ಜೆ ಇಡುವುದಿಲ್ಲ. ಅವರು ನನಗಿಂತ ಚಿಕ್ಕವರಾಗಿರಬಹುದು. ಡೆಕ್ ಮೇಲೆ ಇಡೀ ಪ್ಲಾಟ್‌ಫಾರ್ಮ್ ಮ್ಯಾನೇಜರ್ ಕೂಡ ಅವರ ಕೈ ನೋಡಿಯೇ ನಡೆಯುತ್ತಾರೆ. ನನಗೆ ಬಹಳ ಇಷ್ಟವಾದ ಪದ್ಧತಿ ಇದು.

ಈಗ ಕಾಯುವ ವಿಷಯಕ್ಕೆ ಬರುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜುಹುವಿನಲ್ಲಾಗಲಿ ಪ್ಲಾಟ್‌ಫಾರ್ಮ್‌ನಲ್ಲಾಗಲಿ ಎಷ್ಟೋ ಬೆಳಗುಗಳು ಬರೀ ಕೂತೇ ಕಳೆಯುತ್ತವೆ. ಮೋಡ ಕೆಳಗಿದೆ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಆಕಾಶ ತಿಳಿಯಾಗಿದ್ದರೂ "ಆಗಲ್ಲ" ಅನ್ನುವ ದಿನಗಳಿವೆ. ಆಗಲೇ ಗೊಣಗಾಟ ಶುರು. ಕಾರಣ ಆಕಾಶದಲ್ಲಿಲ್ಲ, ಸಮುದ್ರದಲ್ಲಿದೆ. ತುರ್ತಾಗಿ ನೀರಿಗೆ ಇಳಿಯಬೇಕಾದರೆ ಹೆಲಿಕಾಪ್ಟರ್‌ನ ಪಕ್ಕದಲ್ಲಿ ಗಾಳಿಚೀಲಗಳು ಉಬ್ಬಿಕೊಳ್ಳುತ್ತವೆ. ಅವು ಎಷ್ಟು ಎತ್ತರದ ಅಲೆಯನ್ನು ತಾಳುತ್ತವೆ ಅನ್ನುವುದಕ್ಕೆ ಒಂದು ಮಿತಿ ಇದೆ. ಹಾರುವುದಕ್ಕೆ ತೊಂದರೆ ಇರುವುದಿಲ್ಲ. ಬಿದ್ದರೆ ಉಳಿಯುವುದಕ್ಕೆ ತೊಂದರೆ ಇರುತ್ತದೆ. ಪೈಲಟ್ ಅದನ್ನೂ ಯೋಚಿಸಿ ಬೇಡ ಅನ್ನುತ್ತಾರೆ.

ಕಷ್ಟದ ದಿನ ಅಂದರೆ ಚೌತಿ ಹತ್ತಿರ ಬಂದಾಗ. ನಮ್ಮ ಜಿಲ್ಲೆಯವರಿಗೆ ಚೌತಿಗೆ ಮನೆಯಲ್ಲಿರದಿದ್ದರೆ ಆ ವರ್ಷವೇ ಹೋದಂತೆ. ಬ್ಯಾಗು ಕಟ್ಟಿ, ಲೈಫ್ ಜಾಕೆಟ್ ಹಾಕಿಕೊಂಡು ಕೂತಿರುವಾಗ ರದ್ದಾಯಿತು ಅಂತ ಸುದ್ದಿ ಬರುತ್ತದೆ. ರೈಲು ಟಿಕೆಟ್ ಹೋಯಿತು, ಮನೆಯಲ್ಲಿ ಮಕ್ಕಳು ಫೋನ್ ಹಿಡಿದು ಕೂತಿದ್ದಾರೆ. ಗಂಡಸರು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದಿದ್ದನ್ನು ನಾನು ನೋಡಿದ್ದೇನೆ. ಆದರೂ ಅಲ್ಲಿ ಯಾರೂ ಹೋಗಿ ಪೈಲಟ್‌ಗೆ "ಒಂದು ಸಲ ನೋಡಿ ಸರ್" ಅನ್ನುವುದಿಲ್ಲ. ಅನ್ನಬಾರದು ಅಂತ ಹಳಬರು ಹೊಸಬರಿಗೆ ಮೊದಲ ವಾರವೇ ಹೇಳಿರುತ್ತಾರೆ.

ಇದು ನನಗೆ ಅಷ್ಟು ಬೇಗ ಒಗ್ಗಿದ್ದಕ್ಕೆ ಊರು ಕಾರಣ. ನಮ್ಮಪ್ಪ ಬೈತಖೋಲ್ ಬಂದರಿನಿಂದ ಮೀನಿಗೆ ಹೋಗುತ್ತಿದ್ದವರು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ನಿಷೇಧ, ಅದು ಸರ್ಕಾರದ ಮಾತು. ಉಳಿದ ದಿನಗಳಲ್ಲಿ ನಿರ್ಧಾರ ತಾಂಡೇಲನದ್ದು, ಅಂದರೆ ಬೋಟು ನಡೆಸುವವನದ್ದು. ಅವನು ದಕ್ಕೆಯಲ್ಲಿ ನಿಂತು ಗಾಳಿ ನೋಡಿ "ಇವತ್ತು ಬೇಡ" ಅಂದರೆ ಬಲೆ ಮಡಚುವುದೇ. ಮನೆಯಲ್ಲಿ ಅಕ್ಕಿ ಇಲ್ಲದಿದ್ದರೂ ಅಪ್ಪ ಎದುರು ಮಾತಾಡಿದ್ದನ್ನು ನಾನು ನೋಡಿಲ್ಲ.

2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನೆನಪಿದೆಯಲ್ವಾ? ಮೊದಲು ನಮ್ಮ ಕರಾವಳಿಯ ಮನೆಗಳನ್ನು, ದೋಣಿಗಳನ್ನು ಬಡಿದು ಉತ್ತರಕ್ಕೆ ಹೋಯಿತು. ಮೇ 17ರಂದು ಮುಂಬೈ ಹೈ ಪ್ರದೇಶದಲ್ಲಿ ಪಿ-305 ಅನ್ನುವ ಬಾರ್ಜ್, ಅಂದರೆ ಕೆಲಸಗಾರರು ಉಳಿದುಕೊಳ್ಳುವ ಚಪ್ಪಟೆ ತಳದ ದೊಡ್ಡ ನೌಕೆ, ಮುಳುಗಿತು. ಅದರಲ್ಲಿ 261 ಜನರಿದ್ದರು. ಆ ರಾತ್ರಿ ನೌಕಾಪಡೆಯ ಹಡಗುಗಳು ಜನರನ್ನು ನೀರಿನಿಂದ ಎತ್ತಿದವು. ಮರುದಿನ ಹೆಲಿಕಾಪ್ಟರ್‌ಗಳೂ ಹುಡುಕಾಟಕ್ಕೆ ಬಂದವು. 180ಕ್ಕೂ ಹೆಚ್ಚು ಜನ ಉಳಿದರು. ಬಹಳ ಜನ ಉಳಿಯಲಿಲ್ಲ. ಸಮುದ್ರ ಕೆಟ್ಟ ಮೇಲೆ ಯಾವ ಯಂತ್ರವೂ ಕೂಡಲೇ ಬಂದು ಎತ್ತಿಕೊಳ್ಳಲಾರದು ಅಂತ ನಮ್ಮಂಥವರಿಗೆ ಆಗ ಗಟ್ಟಿಯಾಗಿ ತಿಳಿಯಿತು.

ಇಷ್ಟೆಲ್ಲ ಕಲಿತವನು ರಜೆಯಲ್ಲಿ ಹೆಲಿಕಾಪ್ಟರ್ ಹತ್ತಿದ್ದು ಕೇದಾರನಾಥಕ್ಕೆ. ಶಿರಸಿಯ ಅಕ್ಕ, ಭಾವ, ವಯಸ್ಸಾದ ಅಮ್ಮ ಜೊತೆಗಿದ್ದರು. ಗೌರಿಕುಂಡದಿಂದ ನಡೆಯುವುದು ಅಮ್ಮನಿಗೆ ಆಗುತ್ತಿರಲಿಲ್ಲ. ಗುಪ್ತಕಾಶಿ, ಫಾಟಾ, ಸೆರ್ಸಿ ಅಂತ ಮೂರು ಕಡೆಯಿಂದ ಹಾರಬಹುದು. ಸೆರ್ಸಿ ಅನ್ನುವ ಬೋರ್ಡ್ ನೋಡಿ ಭಾವನಿಗೆ ಬಹಳ ಖುಷಿಯಾಯಿತು. ನಾವು ಫಾಟಾದಿಂದ ಬುಕ್ ಮಾಡಿದ್ದೆವು.

ಅಲ್ಲಿಯ ಹೆಲಿಕಾಪ್ಟರ್ ನೋಡಿದ ಕೂಡಲೇ ನನ್ನ ಕಣ್ಣು ವ್ಯತ್ಯಾಸ ಲೆಕ್ಕ ಹಾಕಿತು. ನಮ್ಮಲ್ಲಿ ಎರಡು ಎಂಜಿನ್, ಇಬ್ಬರು ಪೈಲಟ್. ಮೋಡದಲ್ಲೂ ಉಪಕರಣ ನೋಡಿ ಹಾರುವ ವ್ಯವಸ್ಥೆ. ಅಲ್ಲಿ ಒಂದು ಎಂಜಿನ್, ಒಬ್ಬ ಪೈಲಟ್. ಕಣ್ಣಿಗೆ ದಾರಿ ಕಂಡರೆ ಮಾತ್ರ ಹಾರಾಟ. ಕೇದಾರ ಇರುವುದು 3,583 ಮೀಟರ್ ಎತ್ತರದಲ್ಲಿ, ಗಾಳಿಯೇ ತೆಳು. ಕಣಿವೆ ಇಕ್ಕಟ್ಟು. ಮೋಡ ನುಗ್ಗಿದರೆ ತಿರುಗಿಸಲು ಜಾಗ ಕಡಿಮೆ. ಅಂದರೆ ಅಲ್ಲಿ ಪೈಲಟ್‌ನ "ಇಲ್ಲ" ನಮ್ಮ ಸಮುದ್ರದಲ್ಲಿ ಇರುವುದಕ್ಕಿಂತ ಜಾಸ್ತಿ ಬೆಲೆಯದ್ದು. ಆದರೆ ಅಲ್ಲೇ ಅದನ್ನು ಕೇಳುವವರು ಕಡಿಮೆ.

ಆ ಬೆಳಗ್ಗೆ ಮೋಡ ಕಣಿವೆಯಲ್ಲಿ ಕೂತುಬಿಟ್ಟಿತ್ತು. ಹಾರಾಟ ನಿಂತಿತು. ಕೌಂಟರ್ ಮುಂದೆ ಗಲಾಟೆ. ಹರಿದ್ವಾರದಲ್ಲಿ ರೈಲು ಇದೆ ಅಂತ ಒಬ್ಬರು, ದುಡ್ಡು ಕೊಟ್ಟಿಲ್ವಾ ಅಂತ ಇನ್ನೊಬ್ಬರು. ಕೌಂಟರಿನ ಹುಡುಗನ ಮುಖ ಸಣ್ಣದಾಗಿತ್ತು. ಭಾವನೂ ಎದ್ದು ನಿಂತರು. ನಾನು ಅವರ ಕೈ ಹಿಡಿದು ಕೂರಿಸಿ ಅಲೆ, ಗಾಳಿಚೀಲ, ಚೌತಿ ಎಲ್ಲ ಹೇಳಿದೆ. ದುಡ್ಡು ಕೊಟ್ಟವನ ಅವಸರ ಪೈಲಟ್‌ನ ಕಿವಿಗೆ ಬೀಳಬಾರದು ಭಾವ ಅಂದೆ. 2022ರ ಅಕ್ಟೋಬರ್ 18ರಂದು ಕೇದಾರದಿಂದ ವಾಪಸ್ ಬರುತ್ತಿದ್ದ ಹೆಲಿಕಾಪ್ಟರ್ ಗರುಡ ಚಟ್ಟಿ ಹತ್ತಿರ ಮಂಜಿನಲ್ಲಿ ಬಿದ್ದು 7 ಜನ ಸತ್ತರು. 2025ರ ಜೂನ್ 15ರ ಬೆಳಗಿನ ಜಾವ ಗೌರಿಕುಂಡದ ಹತ್ತಿರ ಇನ್ನೊಂದು ಬಿದ್ದು ಮತ್ತೆ 7 ಜನ. ಅವರಲ್ಲಿ ಒಂದು ಪುಟ್ಟ ಮಗುವೂ ಇತ್ತು. ಎರಡೂ ಸಲ ಕಣಿವೆಯಲ್ಲಿ ಹವೆ ಕೆಟ್ಟಿತ್ತು.

ನಾವು ಆ ದಿನ ಫಾಟಾದಲ್ಲೇ ಉಳಿದೆವು. ಮರುದಿನ ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಮೇಲೆ ಹೋಗಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಕೆಳಗೆ ಮಂದಾಕಿನಿ, ಪಕ್ಕದಲ್ಲಿ ಕೈಗೆಟಕುವಷ್ಟು ಹತ್ತಿರ ಬೆಟ್ಟದ ಗೋಡೆ. ಕೆಲಸದ ಹಾರಾಟದಲ್ಲಿ ನಾನು ಕಿಟಕಿಯ ಚೌಕಟ್ಟು ನೋಡುತ್ತೇನೆ. ಅಂದು ಕಿಟಕಿಯ ಆಚೆ ನೋಡಿದೆ. ಅಮ್ಮ ಪೂರ್ತಿ ದಾರಿ ಕಣ್ಣು ಬಿಟ್ಟುಕೊಂಡೇ ಕೂತಿದ್ದರು.

ಊರಲ್ಲೂ ಒಂದು ಮಾತು ಹೇಳುವುದಿದೆ. ಚುನಾವಣೆ ಬಂದರೆ ನಮ್ಮ ಕಡೆ ಮೈದಾನಗಳಲ್ಲಿ ಸುಣ್ಣದಿಂದ ಎಚ್ ಬರೆದು ಹೆಲಿಪ್ಯಾಡ್ ಮಾಡುತ್ತಾರೆ. ಹೆಲಿಕಾಪ್ಟರ್ ಇಳಿದ ಕೂಡಲೇ ಮಕ್ಕಳು, ದೊಡ್ಡವರು ಫೋನ್ ಎತ್ತಿ ಓಡುತ್ತಾರೆ. ದಯವಿಟ್ಟು ಓಡಬೇಡಿ. ಹಿಂದಿನ ಸಣ್ಣ ರೋಟರ್ ತಿರುಗುವಾಗ ಕಣ್ಣಿಗೆ ಕಾಣುವುದೇ ಇಲ್ಲ. ಮೇಲಿನ ರೋಟರ್ ನಿಧಾನವಾಗುವಾಗ ಅದರ ತುದಿ ಕೆಳಗೆ ಬಾಗುತ್ತದೆ, ಗಾಳಿ ಬೀಸಿದರೆ ಇನ್ನೂ ಕೆಳಗೆ. ನಿಂತಿತು ಅಂತ ಅಂದುಕೊಳ್ಳುವ ಹೊತ್ತೇ ಅಪಾಯದ ಹೊತ್ತು. ಟೋಪಿ, ಕೊಡೆ, ಶಾಲು ಹಾರಿ ಮೇಲೆ ಸಿಕ್ಕಿಕೊಳ್ಳಬಹುದು. ರೆಕ್ಕೆ ಪೂರ್ತಿ ನಿಲ್ಲುವವರೆಗೆ ಹಗ್ಗದ ಆಚೆಯೇ ನಿಲ್ಲಿ. ಶಾಲೆಯ ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಮೊದಲೇ ಹೇಳಿದರೆ ತುಂಬಾ ಒಳ್ಳೆಯದು.

ನಮ್ಮ ಕೇರಿಯ ಇಬ್ಬರು ಹುಡುಗರು ಸದ್ಯದಲ್ಲೇ ಹ್ಯೂಯೆಟ್ ತರಬೇತಿಗೆ ಹೊರಟಿದ್ದಾರೆ. ಇಬ್ಬರೂ ಮೀನಿನ ಹಾಗೆ ಈಜುತ್ತಾರೆ. ಮೊನ್ನೆ ಅವರನ್ನು ಜಗುಲಿಯ ಬೆಂಚಿನ ಮೇಲೆ ಕೂರಿಸಿ, ಸೊಂಟಕ್ಕೆ ಪಂಚೆ ಕಟ್ಟಿ, ಕಿಟಕಿ ಮೊದಲು, ಬೆಲ್ಟ್ ಆಮೇಲೆ ಅಂತ ಕಣ್ಣು ಮುಚ್ಚಿಸಿ ಮಾಡಿಸಿದೆ. ಚಿಕ್ಕವನ ಕೈ ಇನ್ನೂ ಬಕಲ್ ಕಡೆಗೇ ಮೊದಲು ಹೋಗುತ್ತಿದೆ. ಹೊರಡುವವರೆಗೆ ದಿನಾ ಸಂಜೆ ಬರಲು ಹೇಳಿದ್ದೇನೆ.