ನಿಮ್ಮ ಪ್ರೋಗ್ರಾಂ ಹೇಳುವ ಸಿಪಿಯು ಲೆಕ್ಕ ಟಾಪ್ ಜೊತೆ ಯಾಕೆ ತಾಳೆಯಾಗಲ್ಲ?

ಲಿನಕ್ಸ್‌ನಲ್ಲಿ ಓಡುತ್ತಿರುವ ಪ್ರೊಸೆಸ್‌ಗಳ ಮೇಲೆ ಕಣ್ಣಿಡುವ ಪ್ರೋಗ್ರಾಂ ಬರೆಯಲು ಕೂತವರು ಎರಡನೇ ದಿನಕ್ಕೇ ನನಗೆ ಮೆಸೇಜ್ ಮಾಡುತ್ತಾರೆ. ಸಿಪಿಯು ಬಳಕೆ ತೋರಿಸುವ ಪಿಎಸ್, ಟಾಪ್ ಎಂಬ ಕಮಾಂಡ್‌ಗಳ ಬಗ್ಗೆ ಪ್ರಶ್ನೆ ಹೆಚ್ಚುಕಡಿಮೆ ಇದೇ: "ಪಿಎಸ್ ಶೇ. 1 ಅನ್ನುತ್ತೆ, ಟಾಪ್ ಶೇ. 30 ಅನ್ನುತ್ತೆ, ನನ್ನ ಕೋಡ್ ಇನ್ನೇನೋ ಹೇಳುತ್ತೆ. ಯಾವುದು ಸರಿ?"

ಪಿಎಸ್, ಟಾಪ್ ಎರಡೂ ಸರಿಯೇ. ಎರಡೂ ಲೆಕ್ಕ ಹಾಕುವ ಅವಧಿ ಬೇರೆ ಬೇರೆ, ಅಷ್ಟೇ.

ಮನೆಯ ಕರೆಂಟ್ ಮೀಟರ್ ನೆನಪಿಸಿಕೊಳ್ಳಿ. ಅದರಲ್ಲಿ 8240 ಅಂತ ಇದ್ದರೆ, ಅದು ಮೀಟರ್ ಕೂರಿಸಿದ ದಿನದಿಂದ ಆದ ಒಟ್ಟು ಯೂನಿಟ್. ಬಿಲ್ ಕೊಡಲು ಬಂದವರು ಹೋದ ತಿಂಗಳ ರೀಡಿಂಗನ್ನು ಅದರಿಂದ ಕಳೆಯುತ್ತಾರೆ, ಅಲ್ವಾ? ಲಿನಕ್ಸ್‌ನ ತಿರುಳಾದ ಕರ್ನಲ್ ಇಟ್ಟಿರುವುದೂ ಇಂಥದ್ದೇ ಮೀಟರ್. /ಪ್ರಾಕ್ ಒಳಗೆ ಪ್ರತಿ ಪ್ರೊಸೆಸ್‌ಗೂ ಅದರ ಪಿಐಡಿ (ಗುರುತಿನ ನಂಬರ್) ಹೆಸರಿನ ಒಂದು ಡೈರೆಕ್ಟರಿ, ಅದರೊಳಗೆ ಸ್ಟಾಟ್ ಎಂಬ ಒಂದೇ ಸಾಲಿನ ಫೈಲ್. ಅದರ 14ನೇ ಜಾಗದ ಅಂಕಿ ಪ್ರೋಗ್ರಾಂ ತನ್ನ ಕೋಡಿನಲ್ಲಿ ಕಳೆದ ಸಮಯ, 15ನೆಯದು ಕರ್ನಲ್ ಅದರ ಪರವಾಗಿ ಕಳೆದ ಸಮಯ. ಎರಡೂ ಪ್ರೊಸೆಸ್ ಹುಟ್ಟಿದಾಗಿನಿಂದ ಆದ ಒಟ್ಟು. ಲೆಕ್ಕ ಇರುವುದು ಟಿಕ್‌ಗಳಲ್ಲಿ. ಸಾಮಾನ್ಯವಾಗಿ ಸೆಕೆಂಡಿಗೆ 100 ಟಿಕ್, ಆದರೂ ಸಿಸ್ಟಂನ ಸೆಟ್ಟಿಂಗ್ ಹೇಳುವ ಸಿಸ್‌ಕಾನ್ಫ್ ಫಂಕ್ಷನ್ ಕರೆದು ಕೇಳಿಕೊಳ್ಳಿ.

ಈಗ ಒಂದು ಸಲ ಓದಿದಾಗ ಒಟ್ಟು 8240 ಟಿಕ್ ಬಂತು, ಎರಡು ಸೆಕೆಂಡ್ ಬಿಟ್ಟು ಓದಿದಾಗ 8300 ಬಂತು ಅನ್ನಿ. ಆ ಎರಡು ಸೆಕೆಂಡಿನ 200 ಟಿಕ್‌ಗಳಲ್ಲಿ 60 ಬಳಕೆಯಾಗಿದೆ. ಶೇ. 30. ಟಾಪ್ ತೋರಿಸುವುದು ಇದನ್ನು. ಅದೇ ಪ್ರೊಸೆಸ್ ಶುರುವಾಗಿ ಎರಡು ಗಂಟೆ ಆಗಿದ್ದರೆ, 7200 ಸೆಕೆಂಡಿನಲ್ಲಿ ಅದು ಬಳಸಿದ್ದು 83 ಸೆಕೆಂಡ್. ಹಾಗಾಗಿ ಪಿಎಸ್ ಶೇ. 1 ಚಿಲ್ಲರೆ ಅನ್ನುತ್ತದೆ. ಈಗಷ್ಟೇ ಬಿಸಿಯಾದ ಪ್ರೊಸೆಸ್ ಹಿಡಿಯಬೇಕಾದರೆ ಪಿಎಸ್ ಔಟ್‌ಪುಟ್ ನಂಬಿ ಕೂರಬೇಡಿ. ಎರಡು ರೀಡಿಂಗ್ ತೆಗೆದುಕೊಂಡು ಕಳೆಯಿರಿ. ನಡುವಿನ ಸಮಯವನ್ನೂ ಮೊನೊಟಾನಿಕ್ (ಯಾವತ್ತೂ ಹಿಂದಕ್ಕೆ ಹೋಗದ) ಗಡಿಯಾರದಿಂದ ಅಳೆಯಿರಿ. ಸ್ಲೀಪ್‌ಗೆ ಎರಡು ಸೆಕೆಂಡ್ ಹೇಳಿದ್ದೀರಿ ಅಂತ ಸರಿಯಾಗಿ ಎರಡಕ್ಕೇ ಅದು ಏಳುವುದಿಲ್ಲ. ನಾಲ್ಕು ಕೋರ್‌ಗಳಲ್ಲಿ ಓಡುವ ಪ್ರೊಸೆಸ್‌ಗೆ ಶೇ. 400 ಬಂದರೆ ಗಾಬರಿಯಾಗಬೇಡಿ, ಟಾಪ್ ಕೂಡ ಹಾಗೇ ತೋರಿಸುತ್ತದೆ.

ಇಷ್ಟಾದರೂ ಲೆಕ್ಕ ತಪ್ಪುತ್ತಿದ್ದರೆ, ನೀವು ಸಾಲನ್ನು ಸ್ಪೇಸ್ ಸಿಕ್ಕಲ್ಲೆಲ್ಲ ಕತ್ತರಿಸಿದ್ದೀರಿ. ನನಗೆ ಬಂದ ಕೋಡ್‌ಗಳಲ್ಲಿ ಜಾಸ್ತಿ ಕಂಡ ತಪ್ಪು ಇದೇ. ಸ್ಟಾಟ್ ಸಾಲಿನ ಎರಡನೇ ಜಾಗದಲ್ಲಿ ಪ್ರೊಸೆಸ್ ಹೆಸರು ಕಂಸದೊಳಗೆ ಇರುತ್ತದೆ, ಹೆಸರಿನಲ್ಲೇ ಸ್ಪೇಸ್ ಇರಬಹುದು. ಟರ್ಮಿನಲ್‌ಗಳನ್ನು ನಿಭಾಯಿಸುವ ಟೀಮಕ್ಸ್ ಓಡುತ್ತಿದ್ದರೆ "(ಟೀಮಕ್ಸ್: ಸರ್ವರ್)" ಅಂತ ಬರುತ್ತದೆ. ಅಲ್ಲಿಂದ ಮುಂದೆ ಎಲ್ಲ ಅಂಕಿಗಳೂ ಒಂದು ಮನೆ ಸರಿಯುತ್ತವೆ, 14ನೆಯದು ಅಂದುಕೊಂಡು ನೀವು 13ನೆಯದನ್ನು ಓದುತ್ತಿರುತ್ತೀರಿ. ಮೊದಲ ಮುಚ್ಚುವ ಕಂಸದ ತನಕ ಹೆಸರು ಅಂದುಕೊಂಡರೂ ಆಗಲ್ಲ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರುಮಾಡುವ ಸಿಸ್ಟಂಡಿ ಹುಟ್ಟಿಸುವ ಒಂದು ಪ್ರೊಸೆಸ್‌ನ ಹೆಸರೇ ಕಂಸದೊಳಗಿದೆ, ಸ್ಟಾಟ್‌ನಲ್ಲಿ ಅದು "((ಎಸ್‌ಡಿ-ಪ್ಯಾಮ್))" ಆಗುತ್ತದೆ. ಸಾಲಿನ ಕೊನೆಯಿಂದ ಹಿಂದಕ್ಕೆ ಹುಡುಕಿ. ಕೊನೆಯ ಮುಚ್ಚುವ ಕಂಸ ಸಿಕ್ಕ ಮೇಲೆ, ಅದರ ಮುಂದಿನದು 3ನೆಯದು ಅಂತ ಎಣಿಸಲು ಶುರು ಮಾಡಿ.

ಇನ್ನೊಂದು ವಿಷಯಕ್ಕೆ ನಾನು ಬೆಲೆ ತೆತ್ತಿದ್ದೇನೆ. ಹಿಂದೊಮ್ಮೆ ಕೆಲಸ ಮಾಡುತ್ತಿದ್ದ ಕಡೆ, ಜಾಸ್ತಿ ಸಿಪಿಯು ತಿನ್ನುವ ಪ್ರೊಸೆಸನ್ನು ನಿಲ್ಲಿಸುವ ಸ್ಕ್ರಿಪ್ಟ್ ಬರೆದಿದ್ದೆ. ಪಿಐಡಿ ಮಾತ್ರ ನೆನಪಿಟ್ಟುಕೊಳ್ಳುತ್ತಿತ್ತು. ಆ ಸರ್ವರ್‌ನಲ್ಲಿ ನಂಬರ್ 32767ರ ತನಕ ಹೋಗಿ ಮತ್ತೆ ಕೆಳಗಿನಿಂದ ಶುರುವಾಗುತ್ತಿತ್ತು. ಒಂದು ರಾತ್ರಿ ಹಳೆಯ ಪ್ರೊಸೆಸ್ ತಾನಾಗೇ ಮುಗಿದು, ಅದರ ನಂಬರ್ ಬ್ಯಾಕಪ್‌ಗೆ ಸಿಕ್ಕಿತು. ನನ್ನ ಸ್ಕ್ರಿಪ್ಟ್ ಬ್ಯಾಕಪ್ಪನ್ನು ಕೊಂದಿತು. ಬೆಳಿಗ್ಗೆ ಅರ್ಧ ಬರೆದ ಫೈಲ್ ನೋಡಿ ಎದೆ ಧಸಕ್ಕೆಂದಿತು. ಸ್ಟಾಟ್‌ನ 22ನೇ ಅಂಕಿ ಪ್ರೊಸೆಸ್ ಶುರುವಾದ ಸಮಯ. ಪಿಐಡಿ ಮತ್ತು ಅದು ಎರಡೂ ಹೊಂದಿದರೆ ಮಾತ್ರ ಹಳೆಯ ರೀಡಿಂಗನ್ನು ಕಳೆಯಿರಿ.

ಮ್ಯಾಕ್‌ನಲ್ಲಿ /ಪ್ರಾಕ್ ಇಲ್ಲವೇ ಇಲ್ಲ, ಅಲ್ಲಿ ಲಿಬ್‌ಪ್ರಾಕ್ ಎಂಬ ಲೈಬ್ರರಿ ಬಳಸಬೇಕು. ಕಳೆಯುವ ಲೆಕ್ಕ ಅಲ್ಲೂ ಇದೇ. ಲಿನಕ್ಸ್‌ನಲ್ಲಿ ಡೈರೆಕ್ಟರಿ ಪಟ್ಟಿ ಮಾಡಿ ಫೈಲ್ ತೆರೆಯುವಷ್ಟರಲ್ಲಿ ಪ್ರೊಸೆಸ್ ಮುಗಿದುಹೋಗಿರಬಹುದು. ಫೈಲ್ ಸಿಗಲಿಲ್ಲ ಅಂತ ಪ್ರೋಗ್ರಾಂ ನಿಲ್ಲಿಸಬೇಡಿ, ಸುಮ್ನೆ ಮುಂದಿನ ಪಿಐಡಿಗೆ ಹೋಗಿ.